ರೇಸ್ ಗೆದ್ದ ಗಾಡಿ, ಪೇಟೆ ಸೋತ ಗಾಡಿ

ಫೆರಾರಿ ದೊಡ್ಡದಾ, ಫೋರ್ಡ್ ದೊಡ್ಡದಾ? 1966ರಲ್ಲಿ ಫ್ರಾನ್ಸಿನ ಲೆ ಮಾನ್ 24 ತಾಸಿನ ರೇಸ್ ಇದಕ್ಕೆ ಉತ್ತರ ಕೊಟ್ಟಿತು ಅಂತಾರೆ. ಅಲ್ಲಿ ಸತತ ಆರು ವರ್ಷ ಗೆದ್ದಿದ್ದ ಫೆರಾರಿಯನ್ನು ಸೋಲಿಸಿ ಫೋರ್ಡ್ ಕಾರುಗಳು ಮೊದಲ ಮೂರೂ ಸ್ಥಾನ ಹೊಡೆದವು. ಅದರ ಮೇಲೆ ಸಿನಿಮಾನೂ ಬಂತು.

ಆದರೆ ವೀಕ್ಷಕರೇ, ನಮ್ಮ ಕರ್ನಾಟಕದ ಪೈಪೋಟಿಯ ಕಥೆ ನಿಮಗೆ ಗೊತ್ತಾ? ಇದರಲ್ಲಿ ಕಾರಿಲ್ಲ, ಬೈಕ್ ಇದೆ. ಒಂದು ಕಡೆ ಮೈಸೂರಿನ ಯೆಜ್ಡಿ, ಇನ್ನೊಂದು ಕಡೆ ರಾಜದೂತ್ 350.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಬೈಕನ್ನು ಇಲ್ಲೇ ತಯಾರಿಸಲು ಶುರು ಮಾಡಿತು. ಎಪ್ಪತ್ತರ ದಶಕದಲ್ಲಿ ಅದರ ಹೆಸರು ಯೆಜ್ಡಿ ಆಯ್ತು. 250 ಸಿಸಿ, ಒಂದೇ ಸಿಲಿಂಡರ್, ಅದಕ್ಕೆ ಎರಡು ಸೈಲೆನ್ಸರ್. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಹೊರಳಿಸಿದರೆ ಅದೇ ಗೇರ್! ಮದ್ರಾಸಿನ ಹತ್ತಿರ ಶೋಲವರಂನಲ್ಲಿ, ಎರಡನೇ ಮಹಾಯುದ್ಧ ಕಾಲದ ರನ್‌ವೇ ಮೇಲೆ ರೇಸ್ ನಡೀತಿದ್ದಾಗ ಮೈಸೂರಿನ ಗಾಡಿಗಳೂ ಅಲ್ಲಿ ಹೆಸರು ಮಾಡಿದ್ದವು.

1983ರಲ್ಲಿ ಯಮಹಾ ತಂತ್ರಜ್ಞಾನದ ರಾಜದೂತ್ 350 ಬಂತು. ಎರಡು ಸಿಲಿಂಡರ್, ಆರು ಗೇರ್, 30.5 ಹಾರ್ಸ್‌ಪವರ್. ಯೆಜ್ಡಿ ರೋಡ್‌ಕಿಂಗ್‌ನದು ಸುಮಾರು 16. ಎಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ನೇರ ರಸ್ತೆಯಲ್ಲಿ ಇದು ಪೈಪೋಟಿಯೇ ಅಲ್ಲ. ಆದರೆ ಜಪಾನಿನ ಮೂಲ ಗಾಡಿಗಿದ್ದ ಡಿಸ್ಕ್ ಬ್ರೇಕ್ ತೆಗೆದು ಇಲ್ಲಿ ಡ್ರಮ್ ಬ್ರೇಕ್ ಹಾಕಿದ್ದರು. ಓಡೋ ತಾಕತ್ತು ಇತ್ತು, ನಿಲ್ಲೋ ತಾಕತ್ತು ಕಮ್ಮಿ.

ಹಾಗಾದರೆ ಗೆದ್ದದ್ದು ರಾಜದೂತಾ? ಅಲ್ಲ. ಇಬ್ಬರನ್ನೂ ಸೋಲಿಸಿದ್ದು ರೇಸಿನಲ್ಲಿ ಇವರ ಹತ್ತಿರವೂ ಬರಲಾರದ 100 ಸಿಸಿ ಗಾಡಿಗಳು. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಫೋರ್ ಸ್ಟ್ರೋಕ್. ಯೆಜ್ಡಿ, ರಾಜದೂತ್ ಎರಡೂ ಟೂ ಸ್ಟ್ರೋಕ್. ಅಂಥ ಎಂಜಿನ್‌ನಲ್ಲಿ ಒಂದಿಷ್ಟು ಪೆಟ್ರೋಲ್ ಉರಿಯದೇ ಹೊಗೆಯ ಜೊತೆ ಹೊರಗೆ ಹೋಗುತ್ತೆ. ಮೈಲೇಜ್ ಬರಲ್ಲ, ಹೊಗೆಯೂ ಜಾಸ್ತಿ.

ನಮ್ಮಪ್ಪ ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನಾ ಯೆಜ್ಡಿ ಮೇಲೆ ಕೆಲಸಕ್ಕೆ ಹೋಗ್ತಿದ್ದರು. ಹೋಗಿ ಬರೋದು 40 ಕಿಲೋಮೀಟರ್. ನಾನು ಸಾಲಿಗೆ ಸೇರಿದ ವರ್ಷ ಅದನ್ನ ಮಾರಿ 100 ಸಿಸಿ ಗಾಡಿ ತಂದರು. ದೊಡ್ಡವನಾದ ಮೇಲೆ ಕೇಳಿದೆ, “ಯಾಕ ಮಾರಿದ್ರಿ ಅಪ್ಪಾ?”

“ಗಾಡಿ ಛಲೋ ಇತ್ತೋ ತಮ್ಮಾ. ಪೆಟ್ರೋಲ್ ಭಾಳ ಕುಡೀತಿತ್ತು. ನಿನ್ನ ಫೀ ತುಂಬಬೇಕಿತ್ತಲ್ಲ.”

ಇಂಥ ಲೆಕ್ಕ ಹಾಕಿದ ಅಪ್ಪಂದಿರು ಊರೂರಲ್ಲೂ ಇದ್ದರು. 1996ರಲ್ಲಿ ಮೈಸೂರಿನ ಕಾರ್ಖಾನೆಗೆ ಬೀಗ ಬಿತ್ತು. ಅಲ್ಲಿ ದುಡೀತಿದ್ದ ಕಾರ್ಮಿಕರ ಮನೆಯಲ್ಲೂ ಮಕ್ಕಳ ಫೀ ತುಂಬೋದಿತ್ತು. ಒಬ್ಬ ಅಪ್ಪನ ಉಳಿತಾಯ ಇನ್ನೊಬ್ಬ ಅಪ್ಪನ ಕೆಲಸ ಕಳೆಯಿತು. ಇದರಲ್ಲಿ ನಮ್ಮಪ್ಪನದು ತಪ್ಪು ಅಂತ ನನಗೆ ಹೇಳಲಾಗಲ್ಲ. ಹಳೇ ಎಂಜಿನ್‌ನಲ್ಲೇ ಹೆಚ್ಚು ದಿನ ಕೂತ ಕಾರ್ಖಾನೆಯದು ತಪ್ಪಿಲ್ಲ ಅಂತಲೂ ಹೇಳಲಾಗಲ್ಲ.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ರಸ್ತೆಗೆ ಬಂದವು. ಆದರೆ ಗಾಡಿ ತಯಾರಾಗೋದು ಮಧ್ಯಪ್ರದೇಶದ ಪೀಥಮ್‌ಪುರದಲ್ಲಿ. ಹೆಸರು ವಾಪಸ್ ಬಂತು, ಮೈಸೂರಿಗೆ ಕೆಲಸ ಬರಲಿಲ್ಲ.

ಯಾವ ಗಾಡಿ ದೊಡ್ಡದು ಅಂತ ಮುಂದೆ ಯಾರಾದರೂ ವಾದಕ್ಕೆ ಬಂದರೆ ಒಂದೇ ಮಾತು ಕೇಳಿ: ಯಾವ ರಸ್ತೆ ಮೇಲೆ, ಯಾರ ಜೇಬಿನ ದುಡ್ಡಲ್ಲಿ?