ಧ್ವನಿಸುರುಳಿಗಳಲ್ಲಿ ಉಳಿದ ಗುರುವಾಣಿ: ಹಳೆಯ ಕ್ಯಾಸೆಟ್‌ಗಳನ್ನು ಡಿಜಿಟಲ್ ರೂಪಕ್ಕೆ ತರುವ ಬಗೆ

ಶ್ರಾವಣಮಾಸದ ಪ್ರವಚನ, ಶಿವಾನುಭವಗೋಷ್ಠಿ, ಜಾತ್ರಾ ಮಹೋತ್ಸವದ ಧರ್ಮಸಭೆ, ಬಸವ ಜಯಂತಿಯ ಉಪನ್ಯಾಸ ಮುಂತಾದ ಸಂದರ್ಭಗಳಲ್ಲಿ ನಮ್ಮ ಗುರುಹಿರಿಯರು ಆಡಿದ ಮಾತುಗಳ ಬಹುಭಾಗ ಗ್ರಂಥರೂಪಕ್ಕೆ ಬಂದಿಲ್ಲ. 1980 ಹಾಗೂ 1990ರ ದಶಕಗಳಲ್ಲಿ ಭಕ್ತರು ವೇದಿಕೆಯ ಬಳಿ ತಮ್ಮ ಟೇಪ್ ರೆಕಾರ್ಡರ್ ಇರಿಸಿ ಮುದ್ರಿಸಿಕೊಂಡ ಧ್ವನಿಸುರುಳಿಗಳೇ ಆ ಮಾತುಗಳಿಗೆ ಇಂದು ಉಳಿದಿರುವ ಆಧಾರ. ಲಿಂಗೈಕ್ಯರಾದ ಗುರುಗಳ ಭಾವಚಿತ್ರ ಮನೆಮನೆಯ ಗೋಡೆಯ ಮೇಲಿದೆ, ಅವರ ಬರಹ ಕಪಾಟಿನಲ್ಲಿದೆ. ಅವರ ಧ್ವನಿ ಮಾತ್ರ ಅಟ್ಟದ ಮೇಲಿನ ಟ್ರಂಕಿನಲ್ಲಿ, ಹೆಸರು ಮಾಸಿದ ಕ್ಯಾಸೆಟ್ಟಿನೊಳಗೆ ಇದೆ. ಅದನ್ನು ಕಾಪಾಡುವ ಕ್ರಮವನ್ನು ಭಕ್ತಾದಿಗಳ ಉಪಯೋಗಕ್ಕಾಗಿ ಇಲ್ಲಿ ವಿವರಿಸುತ್ತಿದ್ದೇವೆ.

ಈ ಕಾರ್ಯ ನಮ್ಮ ಪರಂಪರೆಗೆ ಹೊಸದಲ್ಲ. ವಿಜಯಪುರದ ಡಾ. ಫ.ಗು. ಹಳಕಟ್ಟಿಯವರು ಮನೆಮನೆಗಳಲ್ಲಿ, ಮಠಗಳಲ್ಲಿ ಬಿದ್ದಿದ್ದ ತಾಳೆಗರಿಯ ಕಟ್ಟುಗಳನ್ನು ಅರಸಿ ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಆದರೆ ತಾಳೆಗರಿಗೂ ಧ್ವನಿಸುರುಳಿಗೂ ಒಂದು ದೊಡ್ಡ ಅಂತರವಿದೆ. ತಾಳೆಗರಿಯನ್ನು ಓದಲು ಕಣ್ಣು ಮತ್ತು ಲಿಪಿಜ್ಞಾನ ಸಾಕು. ಅದು ಶತಮಾನಗಳ ಕಾಲ ಓದುಗನಿಗಾಗಿ ಕಾದಿತು. ಧ್ವನಿಸುರುಳಿಗೆ ಯಂತ್ರ ಬೇಕು. ಯಂತ್ರಗಳ ತಯಾರಿಕೆ ಬಹುತೇಕ ನಿಂತಿದೆ, ಬಿಡಿಭಾಗಗಳು ದೊರೆಯುವುದಿಲ್ಲ, ಅವನ್ನು ದುರಸ್ತಿ ಮಾಡಬಲ್ಲವರು ವಯೋವೃದ್ಧರಾಗುತ್ತಿದ್ದಾರೆ. ಈ ಅಪಾಯವನ್ನು ಮನಗಂಡೇ ಯುನೆಸ್ಕೊ ಸಂಸ್ಥೆಯು ಧ್ವನಿಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘದ ಜೊತೆಗೂಡಿ 2019ರಲ್ಲಿ ‘ಮ್ಯಾಗ್ನೆಟಿಕ್ ಟೇಪ್ ಅಲರ್ಟ್’ ಎಂಬ ಯೋಜನೆಯಡಿ ಜಗತ್ತಿನ ಸಂಗ್ರಹಾಲಯಗಳನ್ನು ಎಚ್ಚರಿಸಿತು. ಟೇಪುಗಳನ್ನು ಡಿಜಿಟಲ್ ರೂಪಕ್ಕೆ ತರಲು ತಜ್ಞರು ಗುರುತಿಸಿದ್ದ ಗಡುವು 2025ರ ಆಸುಪಾಸು. ಆ ಗಡುವನ್ನು ನಾವು ಮುಟ್ಟಿಯಾಗಿದೆ.

ಕ್ಯಾಸೆಟ್ ಎಂಬುದನ್ನು ಫಿಲಿಪ್ಸ್ ಸಂಸ್ಥೆ 1963ರಲ್ಲಿ ಪರಿಚಯಿಸಿತು. ಅದರೊಳಗಿನ ಪಟ್ಟಿಯ ಅಗಲ 3.81 ಮಿಲಿಮೀಟರ್, ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಅದು ಓಡುತ್ತದೆ. ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಸುಮಾರು 130 ಮೀಟರ್ ಪಟ್ಟಿ ಇರುತ್ತದೆ. ಪಾಲಿಯೆಸ್ಟರ್ ಹಾಳೆಯ ಮೇಲೆ ಕಬ್ಬಿಣದ ಆಕ್ಸೈಡ್ ಕಣಗಳನ್ನು ಅಂಟಿನಿಂದ ಲೇಪಿಸಿರುತ್ತಾರೆ. ಆ ಕಣಗಳ ಕಾಂತೀಯ ವಿನ್ಯಾಸವೇ ಧ್ವನಿ. ಅಂಟು ಸಡಿಲವಾದರೆ ಕಣ ಉದುರುತ್ತದೆ, ಕಣ ಉದುರಿದರೆ ಮಾತು ಉದುರಿದಂತೆಯೇ. ತೇವಾಂಶ, ಬಿಸಿಲು, ಧೂಳು ಇದರ ಮೂರು ಶತ್ರುಗಳು. ನಾಲ್ಕನೆಯದು ಧ್ವನಿವರ್ಧಕದ ಒಳಗಿನ ಅಯಸ್ಕಾಂತ. ದೊಡ್ಡ ಸ್ಪೀಕರ್ ಪೆಟ್ಟಿಗೆಯ ಮೇಲೆ ಕ್ಯಾಸೆಟ್ ಜೋಡಿಸಿಡುವ ಅಭ್ಯಾಸ ನಮ್ಮ ಸಮುದಾಯ ಭವನಗಳಲ್ಲಿ ಇಂದಿಗೂ ಉಂಟು. ಅದನ್ನು ಇಂದೇ ಬಿಡಬೇಕು.

ಕೇಳುವ ಮುನ್ನ ನೋಡುವುದು

ಬಹುಕಾಲ ಮುಟ್ಟದಿದ್ದ ಕ್ಯಾಸೆಟ್ಟನ್ನು ಕುತೂಹಲದಿಂದ ಒಮ್ಮೆಲೇ ಯಂತ್ರಕ್ಕೆ ಹಾಕಿ ಕೇಳಲು ತೊಡಗುವುದು ಸರಿಯಲ್ಲ. ಮೊದಲು ಬೆಳಕಿನಲ್ಲಿ ಹಿಡಿದು ನೋಡಬೇಕು. ಪಟ್ಟಿಯ ಸುರುಳಿಯ ಅಂಚಿನಲ್ಲಿ ಬಿಳಿಯ ಪುಡಿಯಂಥದ್ದು ಕಂಡರೆ ಅದು ಬೂಷ್ಟು. ಅಂಥದ್ದನ್ನು ಬೇರೆ ಚೀಲದಲ್ಲಿ ಪ್ರತ್ಯೇಕವಾಗಿರಿಸಬೇಕು; ಯಂತ್ರಕ್ಕೆ ಹಾಕಿದರೆ ಬೂಷ್ಟು ಹೆಡ್ಡಿಗೆ ತಗಲಿ ಮುಂದಿನ ಎಲ್ಲ ಕ್ಯಾಸೆಟ್‌ಗಳಿಗೂ ಹರಡುತ್ತದೆ, ಉಸಿರಾಟಕ್ಕೂ ಒಳ್ಳೆಯದಲ್ಲ. ಅದನ್ನು ಶುಚಿಗೊಳಿಸುವುದು ಪರಿಣತರ ಕೆಲಸ.

ಎರಡನೆಯದಾಗಿ, ಕ್ಯಾಸೆಟ್ಟಿನ ಬಾಯಿಯ ನಡುವೆ ತಗಡಿನ ಪಟ್ಟಿಯ ಮೇಲೆ ಅಂಟಿಸಿದ ಪುಟ್ಟ ಉಣ್ಣೆಯ ಮೆತ್ತೆ ಇದೆಯೇ ಎಂದು ನೋಡಬೇಕು. ಪಟ್ಟಿಯನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಅಂಟು ಒಣಗಿ ಮೆತ್ತೆ ಉದುರಿದ್ದರೆ ಧ್ವನಿ ಮಂದವಾಗಿ, ಆಳದ ಬಾವಿಯಿಂದ ಬಂದಂತೆ ಕೇಳುತ್ತದೆ. ಎಷ್ಟೋ ಮಂದಿ ಇಷ್ಟಕ್ಕೇ ‘ಕ್ಯಾಸೆಟ್ ಹಾಳಾಗಿದೆ’ ಎಂದು ಎಸೆದುಬಿಡುತ್ತಾರೆ. ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಕವಚ ಬಿಚ್ಚಿ, ಸುರುಳಿಗಳನ್ನು ಇನ್ನೊಂದು ಒಳ್ಳೆಯ ಕವಚಕ್ಕೆ ಹಾಗೆಯೇ ವರ್ಗಾಯಿಸಬಹುದು. ತುಂಡಾದ ಪಟ್ಟಿಯನ್ನು ಜೋಡಿಸಲು ಅದಕ್ಕೆಂದೇ ಬರುವ ಸ್ಪ್ಲೈಸಿಂಗ್ ಟೇಪ್ ಬಳಸಬೇಕು. ಕಚೇರಿಯ ಸೆಲ್ಲೋಟೇಪ್ ಅಂಟು ಕಾಲಕ್ರಮದಲ್ಲಿ ಒಸರಿ ಅಕ್ಕಪಕ್ಕದ ಸುತ್ತುಗಳನ್ನೂ ಹಿಡಿದುಬಿಡುತ್ತದೆ.

ಮೂರನೆಯ ಎಚ್ಚರಿಕೆ ಚಿಕ್ಕದಾದರೂ ಎಲ್ಲಕ್ಕಿಂತ ಮುಖ್ಯವಾದುದು. ಕ್ಯಾಸೆಟ್ಟಿನ ಹಿಂಬದಿಯ ಎರಡು ಪ್ಲಾಸ್ಟಿಕ್ ಎಸಳುಗಳನ್ನು ಮುರಿದುಬಿಡಬೇಕು. ಅವು ಇರುವವರೆಗೆ ಅದರ ಮೇಲೆ ಮರುಮುದ್ರಣ ಸಾಧ್ಯ. ತಪ್ಪು ಗುಂಡಿ ಒತ್ತಿದ ಒಂದೇ ಕ್ಷಣದಲ್ಲಿ ಗುರುಗಳ ಮಾತಿನ ಮೇಲೆ ಮೌನ ಮುದ್ರಣಗೊಳ್ಳುತ್ತದೆ. ಹಾಗೆ ಅಳಿದುದನ್ನು ಮರಳಿ ತರುವ ಉಪಾಯವಿಲ್ಲ.

ಕೆಲವು ಮಠಗಳಲ್ಲಿ, ಸಂಗೀತಗಾರರ ಮನೆಗಳಲ್ಲಿ ಕ್ಯಾಸೆಟ್ಟಿಗಿಂತ ಹಿಂದಿನ ಸ್ಪೂಲ್ ಟೇಪುಗಳೂ ಇರುತ್ತವೆ. ಡಬ್ಬಿ ತೆರೆದೊಡನೆ ವಿನೆಗರಿನ ಹುಳಿವಾಸನೆ ಬಂದರೆ ಅದು ಅಸಿಟೇಟ್ ಪಟ್ಟಿ, ಕೊಳೆಯತೊಡಗಿದೆ ಎಂದರ್ಥ. ಇಂಥವುಗಳಿಗೆ ಮನೆಯಲ್ಲಿ ಕೈಹಾಕದೆ ಧ್ವನಿಸಂಗ್ರಹಾಲಯದ ಅನುಭವವುಳ್ಳವರಿಗೆ ಒಪ್ಪಿಸುವುದು ಕ್ಷೇಮ.

ಯಂತ್ರ ಮತ್ತು ಮುದ್ರಣ

ಇಂದು ಮಾರುಕಟ್ಟೆಯಲ್ಲಿ ಅಗ್ಗದ ಬೆಲೆಗೆ ಯುಎಸ್‌ಬಿ ಕ್ಯಾಸೆಟ್ ಪ್ಲೇಯರುಗಳು ದೊರೆಯುತ್ತವೆ. ಚಿತ್ರಗೀತೆಯ ಕ್ಯಾಸೆಟ್ಟಿಗೆ ಅವು ಸಾಕಾದಾವು. ಮತ್ತೊಂದು ಪ್ರತಿ ಇಲ್ಲದ ಪ್ರವಚನಕ್ಕೆ ನಾವು ಅವನ್ನು ಶಿಫಾರಸು ಮಾಡುವುದಿಲ್ಲ. ಅವುಗಳ ವೇಗ ತೂಗಾಡುತ್ತದೆ, ಸ್ವರ ಅಲುಗುತ್ತದೆ. ಸುಸ್ಥಿತಿಯಲ್ಲಿರುವ ಹಳೆಯ ಸ್ಟೀರಿಯೊ ಡೆಕ್ ಒಂದನ್ನು ಹುಡುಕಿ, ರಬ್ಬರ್ ಬೆಲ್ಟ್ ಬದಲಿಸಿಕೊಳ್ಳುವುದು ಉತ್ತಮ. ಊರಿನಲ್ಲಿ ಒಬ್ಬರ ಬಳಿ ಒಳ್ಳೆಯ ಡೆಕ್ ಇದ್ದರೆ ಇಡೀ ಊರಿನ ಕ್ಯಾಸೆಟ್‌ಗಳು ಅದರಲ್ಲೇ ಆಗಲಿ. ಹೆಡ್ ಮತ್ತು ಪಟ್ಟಿ ಸಾಗುವ ಲೋಹದ ಭಾಗಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಪ್ರತಿ ಕೆಲವು ಕ್ಯಾಸೆಟ್‌ಗಳಿಗೊಮ್ಮೆ ಒರೆಸಬೇಕು. ಕಂದುಬಣ್ಣ ಹತ್ತಿಗೆ ಅಂಟುವುದು ನಿಲ್ಲುವವರೆಗೆ ಒರೆಸಬೇಕು.

ಡೆಕ್ಕಿನ ಲೈನ್ ಔಟ್ ಕಿಂಡಿಯಿಂದ ಆಡಿಯೊ ಇಂಟರ್‌ಫೇಸ್‌ಗೆ, ಅಲ್ಲಿಂದ ಗಣಕಯಂತ್ರಕ್ಕೆ ತಂತಿ ಜೋಡಿಸಬೇಕು. ಲ್ಯಾಪ್‌ಟಾಪಿನ ಮೈಕ್ ಕಿಂಡಿಗೆ ಜೋಡಿಸಿದರೆ ಧ್ವನಿ ಒಡೆಯುತ್ತದೆ. ಸ್ಪೀಕರಿನ ಮುಂದೆ ಮೊಬೈಲ್ ಹಿಡಿದು ಮುದ್ರಿಸಿಕೊಂಡರೆ ಕೋಣೆಯ ಪ್ರತಿಧ್ವನಿ, ಫ್ಯಾನಿನ ಸದ್ದು ಎಲ್ಲವೂ ಸೇರುತ್ತದೆ. ಅದನ್ನು ಸಂರಕ್ಷಣೆ ಎನ್ನಲಾಗದು. ಮುದ್ರಣಕ್ಕೆ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು.

ಸಂರಕ್ಷಣೆಯ ಮೂಲಪ್ರತಿ ವೇವ್ ರೂಪದಲ್ಲಿ, ಕನಿಷ್ಠ 48 ಕಿಲೊಹರ್ಟ್ಸ್, 24 ಬಿಟ್ ಗುಣಮಟ್ಟದಲ್ಲಿರಲಿ. ಹೀಗೆ ಮಾಡಿದ ಒಂದು ಗಂಟೆಯ ಸ್ಟೀರಿಯೊ ಮುದ್ರಣಕ್ಕೆ ಸುಮಾರು 1 ಜಿಬಿ ಸ್ಥಳ ಬೇಕು. ಅದೇ ಗಂಟೆ 128 ಕೆಬಿಪಿಎಸ್ ಎಂಪಿ3 ಆದರೆ ಸುಮಾರು 58 ಎಂಬಿ. ಸ್ಥಳ ಉಳಿಯಿತೆಂದು ಹಿಗ್ಗಿ ಎಂಪಿ3 ಮಾತ್ರ ಇಟ್ಟುಕೊಳ್ಳುವವರೇ ಹೆಚ್ಚು. ಎಂಪಿ3 ಕಿವಿಗೆ ಕೇಳದೆಂದು ಭಾವಿಸಿದ ಅಂಶಗಳನ್ನು ಶಾಶ್ವತವಾಗಿ ತೆಗೆದುಹಾಕುತ್ತದೆ. ಮುಂದೆ ಉತ್ತಮ ತಂತ್ರಜ್ಞಾನ ಬಂದಾಗ ಶೋಧಿಸಲು ಅಲ್ಲಿ ಏನೂ ಉಳಿದಿರುವುದಿಲ್ಲ. ಆದುದರಿಂದ ಮೂಲಪ್ರತಿ ವೇವ್ ಆಗಿರಲಿ, ಭಕ್ತರಿಗೆ ಹಂಚಲು ಅದರಿಂದ ಎಂಪಿ3 ತೆಗೆಯಲಿ. ಸ್ಥಳದ ಅಭಾವವಿದ್ದರೆ ಫ್ಲ್ಯಾಕ್ ರೂಪ ಬಳಸಬಹುದು. ಅದು ಏನನ್ನೂ ಕಳೆಯದೆ ಗಾತ್ರವನ್ನು ಕುಗ್ಗಿಸುತ್ತದೆ. ಮುದ್ರಣದ ಮಟ್ಟವು ಅತಿ ಎತ್ತರದ ಧ್ವನಿಯಲ್ಲಿಯೂ ಮೈನಸ್ 6 ಡೆಸಿಬೆಲ್ ದಾಟದಂತಿರಲಿ. ಗುರುಗಳು ಮೆಲ್ಲನೆ ಆರಂಭಿಸಿ ಕೊನೆಗೆ ಎತ್ತರದ ಧ್ವನಿಯಲ್ಲಿ ಆಶೀರ್ವದಿಸುತ್ತಾರೆ, ಸಭೆ ಜಯಘೋಷ ಮಾಡುತ್ತದೆ. ಆರಂಭದ ಮಾತಿಗೆ ಹೊಂದಿಸಿದ ಮಟ್ಟ ಅಲ್ಲಿ ಸೀಳಿಹೋಗುತ್ತದೆ.

ವೇಗದ ಮಾತೊಂದಿದೆ. ಹಳ್ಳಿಗಳಲ್ಲಿ ಬ್ಯಾಟರಿ ಸೆಲ್ಲಿನಿಂದ ನಡೆದ ರೆಕಾರ್ಡರುಗಳೇ ಅನೇಕ. ಸೆಲ್ ಇಳಿದಂತೆ ಯಂತ್ರ ನಿಧಾನವಾಗಿ ಓಡುತ್ತ ಮುದ್ರಿಸುತ್ತದೆ. ಈಗ ಸರಿಯಾದ ವೇಗದಲ್ಲಿ ನುಡಿಸಿದಾಗ ಗಂಭೀರ ಕಂಠದ ಗುರುಗಳು ಬಾಲಕರಂತೆ ಅವಸರದಿಂದ ಮಾತಾಡುತ್ತಾರೆ. ಇದಕ್ಕೆ ಪರಿಹಾರವಿದೆ. ಸಭೆಯ ಧ್ವನಿವರ್ಧಕ ವಿದ್ಯುತ್ತಿನಿಂದ ನಡೆದಿದ್ದರೆ ಅದರ ಗುಂಯ್‌ಗುಡುವಿಕೆಯೂ ಟೇಪಿನಲ್ಲಿ ಸೇರಿರುತ್ತದೆ. ನಮ್ಮ ದೇಶದ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಗಣಕದಲ್ಲಿ ಆ ಗುಂಯ್‌ಕಾರ 52 ಹರ್ಟ್ಸ್‌ನಲ್ಲಿ ಕಂಡರೆ ಮುದ್ರಣ ಶೇ. 4ರಷ್ಟು ವೇಗವಾಗಿ ನುಡಿಯುತ್ತಿದೆ ಎಂದು ತಿಳಿದು, ಅಷ್ಟು ತಗ್ಗಿಸಬಹುದು. ಅಪದ್ದವೆಂದು ಬೈದ ಸದ್ದೇ ಇಲ್ಲಿ ಸಾಕ್ಷಿ ನುಡಿಯುತ್ತದೆ. ತಿದ್ದುಪಡಿಯನ್ನು ಕೇಳುವ ಪ್ರತಿಯಲ್ಲಿ ಮಾತ್ರ ಮಾಡಬೇಕು.

ಇದೇ ಕಾರಣಕ್ಕೆ ಮೂಲಪ್ರತಿಯಲ್ಲಿ ಸದ್ದು ತೆಗೆಯುವ ತಂತ್ರಗಳನ್ನು ಬಳಸಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ. ಅತಿಯಾಗಿ ಶುದ್ಧಗೊಳಿಸಿದ ಧ್ವನಿ ನೀರಿನೊಳಗಿಂದ ಬಂದಂತೆ ಕೇಳುತ್ತದೆ. ‘ಸ’ಕಾರ ‘ಶ’ಕಾರಗಳ ಭೇದ ಅಳಿಸಿಹೋಗುತ್ತದೆ. ಕೂಸಿನ ಅಳು, ಗಂಟೆಯ ನಾದ, ನಡುವೆ ಯಾರೋ ಕೆಮ್ಮಿದ್ದು ಎಲ್ಲವೂ ಅಂದಿನ ಸಭೆಯೇ. ಇರಲಿ.

ಧ್ವನಿಯ ಜೊತೆ ವಿವರ

ಯಂತ್ರದ ಕೆಲಸಕ್ಕಿಂತ ಹೆಚ್ಚು ಶ್ರಮ, ಹೆಚ್ಚು ತುರ್ತು ಇರುವುದು ವಿವರ ಬರೆಯುವುದರಲ್ಲಿ. ಯಾರ ಧ್ವನಿ, ಯಾವ ಊರು, ಯಾವ ದಿನ ಎಂದು ತಿಳಿಯದ ಮುದ್ರಣ ಅನಾಥ. ಕ್ಯಾಸೆಟ್ಟಿನ ಮೇಲೆ ‘ಶ್ರಾವಣ ಸೋಮವಾರ, ಪ್ರವಚನ, ಭಾಗ 3’ ಎಂದಷ್ಟೇ ಇರುತ್ತದೆ, ವರ್ಷವಿರುವುದಿಲ್ಲ. ಆಗ ಒಳಗಿನ ಮಾತುಗಳೇ ಸುಳಿವು. ಪ್ರವಚನಕ್ಕೆ ಮುನ್ನ ಅಂದಿನ ದಾಸೋಹ ಸೇವೆ ವಹಿಸಿದವರ ಹೆಸರು ಸಾರುತ್ತಾರೆ, ಬರಗಾಲದ ಮಾತು ಬರುತ್ತದೆ, ಹೊಸ ಕಟ್ಟಡದ ಶಂಕುಸ್ಥಾಪನೆಯ ಉಲ್ಲೇಖವಿರುತ್ತದೆ. ಮಠದ ದಾಸೋಹ ಪುಸ್ತಕ, ಹಳೆಯ ಆಮಂತ್ರಣ ಪತ್ರಿಕೆಗಳೊಡನೆ ಹೋಲಿಸಿದರೆ ದಿನಾಂಕ ಸಿಗುವುದುಂಟು. ಈ ಪ್ರಕಟಣೆಗಳನ್ನು ‘ಅನಗತ್ಯ’ವೆಂದು ಕತ್ತರಿಸುವವರು ಚರಿತ್ರೆಯನ್ನೇ ಕತ್ತರಿಸುತ್ತಿದ್ದಾರೆಂದು ತಿಳಿಯಬೇಕು.

ಧ್ವನಿಯನ್ನು ಗುರುತಿಸಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಎಪ್ಪತ್ತು ಎಂಬತ್ತು ವಯಸ್ಸಿನ ಅಜ್ಜಂದಿರನ್ನೂ ಅಜ್ಜಿಯರನ್ನೂ ಕೂರಿಸಿ, ಹತ್ತು ನಿಮಿಷ ಕೇಳಿಸಿದರೆ ಸಾಕು. ‘ಇವರು ಆಗಿನ ಶಾಸ್ತ್ರಿಗಳು’, ‘ಹಿಂದೆ ತಬಲಾ ನುಡಿಸುತ್ತಿರುವವರು ಇಂಥವರು’ ಎಂದು ಹೇಳುತ್ತಾರೆ. ಕ್ಯಾಸೆಟ್ ಇನ್ನೈದು ವರ್ಷ ಉಳಿದೀತು. ಈ ನೆನಪುಗಳಿಗೆ ಅಷ್ಟು ಅವಧಿ ಇದೆಯೆಂದು ಹೇಳಲಾಗದು. ಮುದ್ರಣಕ್ಕೆ ಯಂತ್ರ ಸಿಗದಿದ್ದರೂ ಈ ಕೆಲಸವನ್ನು ಇಂದೇ ಆರಂಭಿಸಬಹುದು.

ವಚನಗಾಯನದ ಕ್ಯಾಸೆಟ್ಟಾದರೆ ಹಾಡಿದವರ ಹೆಸರಿನ ಜೊತೆ ಪ್ರತಿ ವಚನದ ಮೊದಲ ಸಾಲು ಮತ್ತು ಅಂಕಿತವನ್ನು ಬರೆದಿಡಬೇಕು. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ, ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತಗಳಿಂದ ಶರಣರು ಯಾರೆಂದು ತಿಳಿಯುತ್ತದೆ. ರಾಗ ಬಲ್ಲವರಿದ್ದರೆ ರಾಗವನ್ನೂ ಸೇರಿಸಲಿ. ಪಂಡಿತ ಮಲ್ಲಿಕಾರ್ಜುನ ಮನಸೂರ, ಪಂಡಿತ ಬಸವರಾಜ ರಾಜಗುರುಗಳಂಥ ಮಹನೀಯರ ವಚನಗಾಯನ ಮಾರುಕಟ್ಟೆಯ ಧ್ವನಿಮುದ್ರಿಕೆಗಳಾಗಿ ಉಳಿದಿದೆ; ಹಳ್ಳಿಯ ಭಜನಾಮಂಡಳಿಯ ತಾಯಂದಿರು ಹಾಡಿದ ಧಾಟಿ ಉಳಿದಿರುವುದು ಮನೆಯ ಕ್ಯಾಸೆಟ್ಟಿನಲ್ಲಿ ಮಾತ್ರ. ಹಾಡಿದ ಪಾಠ ಮುದ್ರಿತ ಪಾಠಕ್ಕಿಂತ ಬೇರೆಯಾಗಿದ್ದರೆ ತಿದ್ದದೆ, ಹಾಡಿದಂತೆಯೇ ಬರೆಯಬೇಕು. ಪಾಠಾಂತರವೂ ಒಂದು ಪರಂಪರೆಯ ಗುರುತು.

ಕಡತದ ಹೆಸರು ವರ್ಷ, ತಿಂಗಳು, ದಿನಾಂಕದ ಅಂಕಿಗಳಿಂದ ಆರಂಭವಾದರೆ ಗಣಕವೇ ಕಾಲಾನುಕ್ರಮದಲ್ಲಿ ಜೋಡಿಸುತ್ತದೆ. ವಿವರಪಟ್ಟಿಯನ್ನು ಯೂನಿಕೋಡ್ ಕನ್ನಡದಲ್ಲೇ ಬೆರಳಚ್ಚು ಮಾಡಿರಿ. ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಸಿದ್ಧಪಡಿಸಿದ ಪಟ್ಟಿಗಳು ಬೇರೆ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದನ್ನು ಎಲ್ಲರೂ ಬಲ್ಲರು.

ಕಾಪು ಮತ್ತು ಹಕ್ಕು

ಒಂದೇ ಹಾರ್ಡ್ ಡಿಸ್ಕಿನಲ್ಲಿರುವುದು ಕಾಪಾಡಿದಂತಲ್ಲ. ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೆ ಊರಿನಲ್ಲಿರಲಿ. ಮನೆಯಲ್ಲಿ ಬರೆದ ಸಿಡಿಗಳನ್ನು ನಂಬಬಾರದು. ವರ್ಷಕ್ಕೊಮ್ಮೆ, ಗುರುಗಳ ಪುಣ್ಯಸ್ಮರಣೆಯ ದಿನವೇ ಆಗಲಿ, ಎಲ್ಲ ಪ್ರತಿಗಳನ್ನು ತೆರೆದು ಪರೀಕ್ಷಿಸುವ ಪದ್ಧತಿ ಇಟ್ಟುಕೊಳ್ಳುವುದು ಒಳಿತು.

ಡಿಜಿಟಲ್ ರೂಪಕ್ಕೆ ತಂದುದೆಲ್ಲವನ್ನೂ ಅಂತರ್ಜಾಲಕ್ಕೆ ಏರಿಸಬೇಕೆಂದಿಲ್ಲ. ಸಂಸ್ಥೆಗಳು ಮಾರಾಟ ಮಾಡಿದ ಧ್ವನಿಮುದ್ರಿಕೆಗಳಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಪ್ರಕಟವಾದ ಮರುವರ್ಷದಿಂದ 60 ವರ್ಷಗಳ ರಕ್ಷಣೆಯಿದೆ. ಅವನ್ನು ಸಾರ್ವಜನಿಕವಾಗಿ ಹಂಚಲು ಹಕ್ಕುದಾರರ ಅನುಮತಿ ಬೇಕು. ಸಭೆಯಲ್ಲಿ ಎಲ್ಲರೆದುರು ನುಡಿದ ಪ್ರವಚನದ ಮಾತು ಬೇರೆ, ಗುರುಗಳ ಸನ್ನಿಧಿಯಲ್ಲಿ ಭಕ್ತರೊಬ್ಬರು ತಮ್ಮ ಸಂಸಾರದ ಕಷ್ಟ ತೋಡಿಕೊಂಡ ಮಾತು ಬೇರೆ. ನ್ಯಾಯಪಂಚಾಯಿತಿಯ ವಾದ, ಮನೆತನಗಳ ಜಗಳ, ರೋಗರುಜಿನಗಳ ನಿವೇದನೆ ಟೇಪಿನಲ್ಲಿ ಆಕಸ್ಮಿಕವಾಗಿ ಸೇರಿರುವುದುಂಟು. ಅಂಥ ಭಾಗಗಳನ್ನು ಮೂಲಪ್ರತಿಯಲ್ಲಿ ಹಾಗೆಯೇ ಇರಿಸಿ, ಹಂಚುವ ಪ್ರತಿಯಿಂದ ತೆಗೆದಿಡಬೇಕು. ಗುರುವನ್ನು ನಂಬಿ ಆಡಿದ ಮಾತು ಅದು.

ಡಿಜಿಟಲ್ ಪ್ರತಿ ಸಿದ್ಧವಾದ ಬಳಿಕ ಮೂಲ ಕ್ಯಾಸೆಟ್ಟನ್ನು ಎಸೆಯಬಾರದು. ಆರಂಭಕ್ಕೆ ಸುತ್ತಿ, ಡಬ್ಬಿಯಲ್ಲಿ ನೇರವಾಗಿ ನಿಲ್ಲಿಸಿ, ತಗಡಿನ ಮಾಡಿನ ಕೆಳಗಲ್ಲದೆ ತಂಪಾದ ಒಣಗಿದ ಕಪಾಟಿನಲ್ಲಿಡಬೇಕು. ಡಬ್ಬಿಯೊಳಗಿನ ಕಾಗದದ ಮೇಲೆ ಕೈಬರಹವಿದ್ದರೆ ಅದರ ಛಾಯಾಚಿತ್ರವನ್ನೂ ತೆಗೆದು ಕಡತದ ಜೊತೆ ಸೇರಿಸಿರಿ.