ಎಲೆ ಹೊರಗಿನದು, ಬೆರಳು ನಮ್ಮದು

ಮಂಗಳೂರಿನ ಬೀಡಿ ಕಾರ್ಮಿಕರ ಚರಿತ್ರೆಯನ್ನು 1968ರ ಕಣ್ಣೂರನ್ನು ಬಿಟ್ಟು ಬರೆಯಲಾಗದು. 1956ರವರೆಗೆ ಕಣ್ಣೂರು ಸೇರಿದ ಮಲಬಾರ್, ಮಂಗಳೂರು ಸೇರಿದ ದಕ್ಷಿಣ ಕನ್ನಡ ಎರಡೂ ಮದ್ರಾಸ್ ರಾಜ್ಯದ ಜಿಲ್ಲೆಗಳು. ರಾಜ್ಯಗಳು ಬೇರೆಯಾದ ಮೇಲೂ ಮಂಗಳೂರಿನ ಬ್ರಾಂಡಿಗೆ ಬೀಡಿ ಕಟ್ಟುವವರು ಸಾವಿರಗಟ್ಟಲೆ ಕಣ್ಣೂರಿನಲ್ಲಿದ್ದರು.

ಕೆಲಸದ ಹೊತ್ತು, ರಜೆ, ಹೆರಿಗೆ ಸೌಲಭ್ಯಗಳನ್ನು ಗೊತ್ತುಪಡಿಸಿದ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ 1966ರಲ್ಲಿ ಬಂತು. ಜಾರಿಯ ದಿನ ನಿಶ್ಚಯಿಸುವುದು ಆಯಾ ರಾಜ್ಯಕ್ಕೆ ಬಿಟ್ಟದ್ದು. 1968ರಲ್ಲಿ ಕೇರಳ ಜಾರಿಗೆ ಮುಂದಾಯಿತು. ಅದಕ್ಕೆ ಒಪ್ಪದ ಮಂಗಳೂರು ಗಣೇಶ ಬೀಡಿ ವರ್ಕ್ಸ್ ಕಣ್ಣೂರಿನ ಶಾಖೆಗಳನ್ನು ಮುಚ್ಚಿತು. ಸುಮಾರು 12,000 ಮಂದಿಯ ಕೆಲಸ ಹೋಯಿತು.

ಕಲ್ಲಿದ್ದಲ ಗಣಿಯಲ್ಲಿ ಮುಷ್ಕರವಾದರೆ ಮಾಲೀಕ ಗಣಿಯನ್ನು ಹೊತ್ತು ಬೇರೆ ಊರಿಗೆ ಹೋಗಲಾರ. ಬೀಡಿ ಹಾಗಲ್ಲ. ಅದರ ಎಲೆ ಮಧ್ಯಪ್ರದೇಶ, ಒಡಿಶಾದ ಕಾಡಿನದು. ಹೊಗೆಸೊಪ್ಪು ನಿಪ್ಪಾಣಿ, ಗುಜರಾತಿನದು. ಇವುಗಳ ಗೋಣಿ ಎಲ್ಲಿ ಇಳಿಯಿತೋ ಉದ್ಯಮ ಅಲ್ಲಿ. ಕೇರಳದ ಗಡಿಯಾದ ತಲಪಾಡಿಯ ಆಚೆ ಗೆದ್ದ ಹಕ್ಕು ಈಚೆ ಇಲ್ಲದಿದ್ದರೆ ಕೆಲಸವೇ ಗಡಿ ದಾಟುತ್ತದೆ ಎಂಬುದು ಅಂದು ಎರಡೂ ಕಡೆಯವರಿಗೆ ಅರ್ಥವಾಯಿತು.

ಕೆಲಸ ಕಳೆದುಕೊಂಡ ಕಣ್ಣೂರಿನವರು ಕೇರಳ ಸರ್ಕಾರದ ನೆರವಿನಿಂದ 1969ರ ಫೆಬ್ರವರಿ 15ರಂದು ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿ, ತಾವೇ ಒಡೆಯರಾದರು. ಬೀಡಿಯ ಬೇಡಿಕೆ ಕುಗ್ಗಿದಾಗ ಆ ಸಂಘ ಕೊಡೆ, ಆಹಾರ ಪದಾರ್ಥಗಳ ತಯಾರಿಗೂ ಇಳಿಯಿತು.

ಮಂಗಳೂರಿನ ದಾರಿ ಬೇರೆ. ಇಲ್ಲಿ ಬೀಡಿ ಮನೆಯ ಜಗಲಿಯಲ್ಲಿ ನೆಲೆಯೂರಿತು. ಮಡಿಲಲ್ಲಿ ತಡ್ಪೆ (ಮೊರ), ಕೈಯಲ್ಲಿ ಕತ್ತರಿ. ಅಡುಗೆ ಮುಗಿಸಿ ಕುಳಿತ ಹೆಂಗಸರ ದುಡಿಮೆಯಿಂದ ಮಕ್ಕಳ ಶಾಲೆಯ ಖರ್ಚು, ಮದುವೆಯ ಚಿನ್ನ, ಮಳೆಗಾಲದ ಅಕ್ಕಿ. ಆದರೆ ಮನೆಮನೆಗೆ ಹಂಚಿಹೋದವರು ಒಟ್ಟಾಗಿ ಕೆಲಸ ನಿಲ್ಲಿಸುವುದು ಹೇಗೆ? ಬೀಡಿ ಕೊಟ್ಟು ಎಲೆ ತರುವ ಬ್ರಾಂಚಿನ ಸಾಲೇ ಅವರ ಗಣಿಬಾಗಿಲು. ಕಳಪೆಯೆಂದು ಬದಿಗೆ ತಳ್ಳಿದ ಕಟ್ಟುಗಳ ಜಗಳ, ತುಟ್ಟಿಭತ್ಯೆಯ ಲೆಕ್ಕ, ಸಂಘದ ಮಾತು ಎಲ್ಲವೂ ಅಲ್ಲೇ.

ಗಣೇಶ ಬೀಡಿ ವರ್ಕ್ಸ್ ಹೂಡಿದ ದಾವೆಯಲ್ಲಿ 1974ರಲ್ಲಿ ಸುಪ್ರೀಂ ಕೋರ್ಟು 1966ರ ಕಾಯ್ದೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ಬೀಡಿ ಕಟ್ಟುವವರೂ ಭವಿಷ್ಯನಿಧಿಗೆ (ಪಿಎಫ್) ಅರ್ಹ ನೌಕರರೆಂದು 1985ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಜಗಲಿಯ ಕೆಲಸಕ್ಕೂ ಪಿಎಫ್ ಸಂಖ್ಯೆ ಬಂತು.

ಆದರೂ ಸಾವಿರ ಬೀಡಿಯ ಕನಿಷ್ಠ ಕೂಲಿ ಇಂದಿಗೂ ರಾಜ್ಯಕ್ಕೊಂದು. 1968ರಲ್ಲಿ ಶಾಖೆ ಮುಚ್ಚಲು ಅನುವು ಮಾಡಿಕೊಟ್ಟದ್ದು ರಾಜ್ಯಗಳ ನಡುವಿನ ಇಂಥದ್ದೇ ವ್ಯತ್ಯಾಸ. ದೇಶಕ್ಕೆಲ್ಲ ಒಂದೇ ದರ ಎಂಬ ಬೇಡಿಕೆ ಈಡೇರುವ ತನಕ ಬೀಡಿ ಕಾರ್ಮಿಕರ ಹೋರಾಟ ಮುಗಿಯದು.