ವಾದಿಯಿಲ್ಲದ ವ್ಯಾಜ್ಯ: ಉತ್ತರ ಥಾಯ್ಲೆಂಡಿನ ಗ್ರಾಮಜೀವನದಲ್ಲಿ ‘ಫೀ ಕ’ ಆರೋಪ

ಜಾನ್ ಎಂಬ್ರಿ 1950ರಲ್ಲಿ ಪ್ರಕಟಿಸಿದ ಕಿರುಲೇಖನವೊಂದು ಥಾಯ್ ಗ್ರಾಮಸಮಾಜದ ಅಧ್ಯಯನವನ್ನು ದಶಕಗಳ ಕಾಲ ತಪ್ಪುದಾರಿಗೆ ಎಳೆದಿದೆ. ಥಾಯ್ ಸಮಾಜದ ಹೆಣಿಗೆ ಸಡಿಲವಾದುದು, ವ್ಯಕ್ತಿಗಳ ನಡತೆಯಲ್ಲಿ ಬಗೆಬಗೆಯ ವ್ಯತ್ಯಾಸಗಳನ್ನು ಅದು ಒಪ್ಪಿಕೊಳ್ಳುತ್ತದೆ ಎಂಬ ಎಂಬ್ರಿಯವರ ಮಾತು, ಜಪಾನಿನ ಸುಯೆ ಮುರಾ ಹಳ್ಳಿಯಲ್ಲಿ ಅವರು ಹಿಂದೆ ಕಂಡಿದ್ದ ಕಟ್ಟುನಿಟ್ಟಿಗೆ ಹೋಲಿಸಿ ಹೇಳಿದ ಮಾತು. ಒಂದು ಥಾಯ್ ಹಳ್ಳಿಯಲ್ಲಿ ದೀರ್ಘಕಾಲ ನೆಲೆಸಿ ಕಂಡುಕೊಂಡದ್ದಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡದ್ದರಿಂದ ವಿಮರ್ಶಕರಿಗೆ ಉತ್ತರಿಸುವ ಅವಕಾಶ ಅವರಿಗೆ ದೊರೆಯಲಿಲ್ಲ ಎಂಬುದನ್ನು ನೆನೆಯುವುದು ನ್ಯಾಯ. ಆದರೆ ಅವರ ಮಾತನ್ನು ಸಿದ್ಧಸೂತ್ರವಾಗಿ ಬಳಸಿದವರಿಗೆ ಈ ರಿಯಾಯಿತಿ ಸಲ್ಲದು.

ಈ ಸೂತ್ರಕ್ಕೆ ಆಧಾರವಾದದ್ದು ಮುಖ್ಯವಾಗಿ ಒಂದು ಅಭಾವ: ಹಳ್ಳಿಗಳಲ್ಲಿ ಎದುರುಬದುರಾದ ಜಗಳ ಕಾಣುವುದು ವಿರಳ, ಮನಸ್ತಾಪ ಬಂದವರು ಮಾತು ಬಿಟ್ಟು ದೂರ ಸರಿಯುತ್ತಾರೆ, ಇನ್ನೊಬ್ಬರ ಮನಸ್ಸಿಗೆ ನೋವಾದೀತೆಂಬ ಅಳುಕು (ಥಾಯ್‌ನಲ್ಲಿ ‘ಕ್ರೇಂಗ್ ಚಾಯ್’) ನಾಲಿಗೆಯನ್ನು ಹಿಡಿಯುತ್ತದೆ. 1976ರಲ್ಲಿ ಚಿಯಾಂಗ್ ಮಾಯ್ ಕಣಿವೆಯ ಹಳ್ಳಿಯೊಂದರ ಅಧ್ಯಯನದಿಂದ ಎಂಬ್ರಿಯವರನ್ನು ಖಂಡಿಸಿದ ಜ್ಯಾಕ್ ಪಾಟರ್ ಬಂಧುಬಳಗ, ದೇವಾಲಯ, ನೀರಾವರಿ ಮೊದಲಾದ ಸಂಸ್ಥೆಗಳನ್ನು ಒಂದೊಂದಾಗಿ ತೋರಿಸಿ, ಹೆಣಿಗೆ ಗಟ್ಟಿಯಾಗಿಯೇ ಇದೆಯೆಂದು ಸಾಧಿಸಿದರು. ಅದು ಸರಿಯಾದ ಉತ್ತರ, ಆದರೆ ಅರ್ಧ ಉತ್ತರ. ಜಗಳ ಕಾಣದಿದ್ದುದೇಕೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. 1948ರಲ್ಲಿ ಬ್ಯಾಂಕಾಕಿನ ಬಳಿಯ ಬಾಂಗ್ ಚಾನ್‌ನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ ಕೆಲಸ ಆರಂಭಿಸಿದ ವರ್ಷವೇ ಮೈಸೂರು ಸೀಮೆಯ ರಾಂಪುರದಲ್ಲಿ ಕ್ಷೇತ್ರಕಾರ್ಯ ನಡೆಸಿದ ಎಂ.ಎನ್. ಶ್ರೀನಿವಾಸ್ ಅವರು ಊರಿನ ವ್ಯಾಜ್ಯಗಳ ಮೂಲಕವೇ ಸಮಾಜರಚನೆಯನ್ನು ಓದಿದರು. ಅಂಥ ಓದು ಥಾಯ್ ಹಳ್ಳಿಗಳಿಗೆ ದೊರೆಯಲು ಬಹುಕಾಲ ಬೇಕಾಯಿತು.

ಈ ಪ್ರಶ್ನೆಗೆ ಬೆಳಕು ಚೆಲ್ಲುವ ಆಕರವೊಂದು 1912ರಷ್ಟು ಹಿಂದೆಯೇ ಅಚ್ಚಾಗಿತ್ತು. 1867ರಲ್ಲಿ ಚಿಯಾಂಗ್ ಮಾಯ್‌ಗೆ ಬಂದು ನೆಲೆಸಿದ ಅಮೆರಿಕದ ಪ್ರೆಸ್ಬಿಟೀರಿಯನ್ ಮಿಷನರಿ ಡೇನಿಯಲ್ ಮೆಕ್‌ಗಿಲ್ವರಿಯ ಆತ್ಮಕಥೆಯಲ್ಲಿ, ದುಷ್ಟಶಕ್ತಿಯನ್ನು ಸಾಕಿಕೊಂಡವರೆಂಬ ಆರೋಪ ಹೊತ್ತು ಊರಿನಿಂದ ಹೊರಬಿದ್ದ ಕುಟುಂಬಗಳು ಮಿಷನ್ನಿನ ಆಶ್ರಯಕ್ಕೆ ಬಂದ ಸಂಗತಿ ದಾಖಲಾಗಿದೆ. ಆ ಶಕ್ತಿಗೆ ಸ್ಥಳೀಯರ ಹೆಸರು ‘ಫೀ ಕ’. ಉತ್ತರದಲ್ಲಿ ತಾಯಿಯ ಕಡೆಯ ವಂಶಕ್ಕೆ ‘ಫೀ ಪೂ ಞಾ’ ಎಂಬ ಪಿತೃದೈವಗಳಿದ್ದು, ಅವುಗಳಿಗೆ ಎಡೆ ಸಲ್ಲಿಸುವುದನ್ನು ಕಡೆಗಣಿಸಿದರೆ ಅವು ಕೆಟ್ಟು, ಹಸಿದು, ನೆರೆಯವರ ಮೈಮೇಲೆ ಬರುತ್ತವೆ ಎಂಬ ನಂಬಿಕೆ ಇದರ ಹಿಂದಿದೆ. ಮಿಷನರಿ ಇದನ್ನು ಬರಿಯ ಮೂಢನಂಬಿಕೆಯೆಂದು ಬರೆದದ್ದು ಅವರ ವೃತ್ತಿಗೆ ಸಹಜ. ಆದರೆ ಮಿಷನರಿಯ ತೀರ್ಮಾನವನ್ನು ತಿರಸ್ಕರಿಸುವ ಭರದಲ್ಲಿ ಅವರ ಸಾಕ್ಷ್ಯವನ್ನೂ ತಿರಸ್ಕರಿಸಿದ ಸಂಶೋಧಕರ ನಡೆ ಅಷ್ಟು ಸುಲಭವಾಗಿ ಕ್ಷಮಿಸುವಂಥದಲ್ಲ.

ಆರೋಪ ನಡೆಯುವ ಕ್ರಮವನ್ನು ಗಮನಿಸಬೇಕು. ಜ್ವರದಲ್ಲಿ ಕನವರಿಸುತ್ತಿರುವ ರೋಗಿಯನ್ನು ಮಂತ್ರವಾದಿ ‘ನೀನು ಯಾರ ಮನೆಯದು, ಎಲ್ಲಿಂದ ಬಂದೆ’ ಎಂದು ಪ್ರಶ್ನಿಸುತ್ತಾನೆ. ಉತ್ತರವಾಗಿ ಒಂದು ಹೆಸರು ಹೊರಬೀಳುತ್ತದೆ. ಆ ಹೆಸರನ್ನು ಹೇಳಿದ್ದು ರೋಗಿಯಲ್ಲ, ಮೈಮೇಲೆ ಬಂದ ಶಕ್ತಿಯೇ ತನ್ನ ಒಡೆಯರನ್ನು ತೋರಿಸಿತೆಂದು ಊರು ತಿಳಿಯುತ್ತದೆ. ಹೀಗೆ ಆರೋಪಿಯಿದ್ದಾರೆ, ವಾದಿಯಿಲ್ಲ. ಯಾವ ನೆರೆಯವರೂ ಇನ್ನೊಬ್ಬರನ್ನು ಬಾಯಿಬಿಟ್ಟು ದೂರಿಲ್ಲ. ಆದರೆ ಆ ಹೆಸರು ಶೂನ್ಯದಿಂದ ಬರುವಂಥದಲ್ಲ. ಥಾಯ್ ಭಾಷೆಯಲ್ಲಿ ‘ನಿಂಥಾ’ ಎನ್ನುವ ಬೆನ್ನಹಿಂದಿನ ಮಾತು ಬಾವಿಯ ಬಳಿ, ನಾಟಿಯ ಗದ್ದೆಯಲ್ಲಿ, ದೇವಾಲಯದ ಅಡುಗೆಯ ಕೆಲಸದ ನಡುವೆ, ಕೊಡದ ಮನೆ ಯಾವುದು, ಬೆರೆಯದ ಮನೆ ಯಾವುದು ಎಂಬುದನ್ನು ಮೊದಲೇ ಗೊತ್ತುಮಾಡಿಟ್ಟಿರುತ್ತದೆ ಎಂದು ಊಹಿಸದೆ ಈ ವಿದ್ಯಮಾನವನ್ನು ವಿವರಿಸಲಾಗದು. ಶಿಕ್ಷೆಯೂ ಒಬ್ಬ ವ್ಯಕ್ತಿಗೆ ಸೀಮಿತವಲ್ಲ: ಇಡೀ ಮನೆಯೇ ಊರು ಬಿಡಬೇಕು. ಒಂದು ಕುಟುಂಬವನ್ನು ಹೊರಹಾಕಲು ಊರಿಗೆ ಊರೇ ಒಮ್ಮತಕ್ಕೆ ಬರಬೇಕಾದಲ್ಲಿ ಹೆಣಿಗೆ ಸಡಿಲವೆನ್ನುವುದು ಅಸಂಗತ. ಎಂಬ್ರಿಯ ಅನುಯಾಯಿಗಳು ವ್ಯಾಜ್ಯದ ಅಭಾವವೆಂದು ತಿಳಿದದ್ದು ವಾಸ್ತವದಲ್ಲಿ ವ್ಯಾಜ್ಯವನ್ನು ನಡೆಸುವ ಒಂದು ರೀತಿ.

ಇದಕ್ಕೆ ಒಂದು ಗಂಭೀರ ಆಕ್ಷೇಪವುಂಟು. ಸಡಿಲ ಹೆಣಿಗೆಯ ವಾದಕ್ಕೆ ಹೆಚ್ಚು ಪುಷ್ಟಿ ದೊರೆತದ್ದು ಮಧ್ಯ ಥಾಯ್ಲೆಂಡಿನ ಬಾಂಗ್ ಚಾನ್‌ನಿಂದ. ಫೀ ಕ ಉತ್ತರದ್ದು. ಆಕ್ಷೇಪ ಸರಿ, ಆದರೆ ಅದು ಎಂಬ್ರಿಯ ಪಕ್ಷಕ್ಕೆ ನೆರವಾಗುವುದಿಲ್ಲ. ಬಾಂಗ್ ಚಾನ್ 1837ರಲ್ಲಿ ತೋಡಲಾರಂಭಿಸಿದ ಸೇನ್ ಸೇಪ್ ಕಾಲುವೆಯ ಆಸುಪಾಸಿನಲ್ಲಿ, ಬೇರೆಬೇರೆ ಕಡೆಯಿಂದ ಬಂದವರು ಕಟ್ಟಿದ ಹೊಸ ನೆಲೆ. ಅದನ್ನೇ ಇಡೀ ದೇಶದ ಮಾದರಿಯೆಂದು ಹಿಡಿದದ್ದೇ ದೋಷ.

1984ರ ಪ್ರಬಂಧದಲ್ಲಿ ಆನನ್ ಕಾಂಚನಫನ್ ಅವರು ಫೀ ಕ ಆರೋಪವನ್ನು ವರ್ಗಭೇದದ ಬಗ್ಗೆ ರೈತರು ಆಡುವ ಭಾಷೆಯೆಂದು ಓದಿದ್ದಾರೆ. ಇದುವರೆಗಿನ ವ್ಯಾಖ್ಯಾನಗಳಲ್ಲಿ ಇದು ಅತ್ಯಂತ ಸಮರ್ಥವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೂ ಆಸ್ತಿಯ ಅಂತರ ಮಾತ್ರವೇ ಕಾರಣವಾದರೆ ಕಳಂಕ ತಾಯಿಯ ವಂಶದಲ್ಲಿಯೇ ಏಕೆ ಹರಿಯಬೇಕು ಎಂಬ ತೊಡಕು ಉಳಿಯುತ್ತದೆ. ಇಲ್ಲಿ ಚಿಯಾಂಗ್ ಮಾಯ್ ಸೀಮೆಯ ಇನ್ನೊಂದು ಪದ್ಧತಿ ನೆರವಿಗೆ ಬರುತ್ತದೆ. ಮದುವೆಯಾಗದ ಹುಡುಗಿಯನ್ನು ಮುಟ್ಟಿದ ಗಂಡಸು ‘ಸಿಯ ಫೀ’ ಎಂಬ ದಂಡವನ್ನು ಆಕೆಯ ಮನೆದೈವಕ್ಕೆ ತೆರುತ್ತಾನೆ. ಅಲ್ಲಿಯೂ ನೊಂದವರೆಂದು ಲೆಕ್ಕಕ್ಕೆ ಬರುವುದು ದೈವ, ಮನುಷ್ಯರಲ್ಲ. ಅದೇ ಸೀಮೆಯ ನ್ಯಾಯಾಲಯದ ಕಡತಗಳನ್ನು ಪರಿಶೀಲಿಸಿದ ಡೇವಿಡ್ ಎಂಗೆಲ್ ಕೂಡ ಗಾಯಕ್ಕೆ ಪರಿಹಾರ ಕೊಡಿಸುವಲ್ಲಿ ಊರಿನ ಕಾವಲುದೈವಗಳಿಗಿದ್ದ ಪಾತ್ರವನ್ನು ತೋರಿಸಿದ್ದಾರೆ. ತಾಯಿಯ ವಂಶದ ದೈವವೇ ಮಾನ ಕಾಯುವ ಕಕ್ಷಿಯಾಗಿರುವಲ್ಲಿ, ಮಾನಗೆಟ್ಟ ಮನೆಯ ಗುರುತೂ ಆ ದೈವದ ಕೆಡುಕಿನ ರೂಪದಲ್ಲಿಯೇ ಕಾಣಿಸಿಕೊಂಡಿತೆಂಬ ವಿವರಣೆ ಆನನ್ ಅವರ ವಾದವನ್ನು ಅಲ್ಲಗಳೆಯದೆ ಅದರ ಬಿರುಕನ್ನು ಮುಚ್ಚುತ್ತದೆ.

ಮೆಕ್‌ಗಿಲ್ವರಿಯ ಪುಟಗಳ ಮಹತ್ವ ಇಷ್ಟಕ್ಕೇ ಮುಗಿಯುವುದಿಲ್ಲ. 1869ರಲ್ಲಿ ಇಬ್ಬರು ಮತಾಂತರಿತರು ಅರಸನ ಆಜ್ಞೆಯಿಂದ ಕೊಲ್ಲಲ್ಪಟ್ಟಿದ್ದ ಸೀಮೆಯಲ್ಲಿ 1878ರ ಧಾರ್ಮಿಕ ಸಹಿಷ್ಣುತೆಯ ಘೋಷಣೆಯ ನಂತರ ಮಿಷನ್ನಿನ ಆಶ್ರಯಕ್ಕೆ ರಾಜ್ಯದ ಮಾನ್ಯತೆಯೂ ಸೇರಿತು. ಊರು ಹೊರಹಾಕಿದ ಮನೆಗೆ ಬೇರೊಬ್ಬ ಆಶ್ರಯದಾತ ದೊರೆತಾಗ ಬಹಿಷ್ಕಾರದ ಭಯ ಎಷ್ಟರ ಮಟ್ಟಿಗೆ ಉಳಿಯಿತು ಎಂಬುದನ್ನು ಅಳೆಯಲು, ಚರ್ಚಿನ ಇತಿಹಾಸಕಾರರು ಮತಾಂತರದ ಕಥೆಗಳಾಗಿ ಮಾತ್ರ ಓದುತ್ತ ಬಂದ ಆ ಕುಟುಂಬಗಳ ವೃತ್ತಾಂತಗಳನ್ನು ಗ್ರಾಮವ್ಯಾಜ್ಯಗಳ ದಾಖಲೆಗಳಾಗಿ ಮರಳಿ ಓದಬೇಕಾಗುತ್ತದೆ.